ಹುಣಸೆಮರದ ಕಡೆ ಬಾಗಿಲು

ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ ಇವರು ನನಗೊಂದು ಮಾತು ಕೊಟ್ಟಿದ್ದರು. ಅವತ್ತು ಬೆಳಿಗ್ಗೆ ಎದ್ದು ಬಾಗಿಲು ತೆರೆದರೆ ಎದುರಿಗೆ ಊರಿನ ಕಸದ ಗುಂಡಿ. ಹಿಂದಿನ ದಿನ ಅದೇ ಬಾಗಿಲಿನಲ್ಲಿ ನಿಂತು ನಾನು ಹೂವಿನ ಗಿಡ ನೋಡಿದ್ದೆ. ತವರಿನಲ್ಲಿ ಮನೆಗಳು ಕಟ್ಟಿದ ಕಡೆಯೇ ಮುಖ ಮಾಡಿಕೊಂಡು ಬಿದ್ದಿರುತ್ತಿದ್ದವು. ಇಲ್ಲಿಯ ರೀತಿಯನ್ನು ನನಗಿಂತ ಮೊದಲೇ ಈ ಊರಿಗೆ ಬಂದಿದ್ದ ಅಕ್ಕ ಹೇಳಿದ್ದಳು, ಕೇಳಿಸಿಕೊಂಡೂ ಇದ್ದೆ, ಆದರೆ ಕೇಳುವುದು ಬೇರೆ, ಹಸೆಯಿಂದ ಎದ್ದ ವಾರದಲ್ಲೇ ಕಸದ ಗುಂಡಿಗೆ ಎದುರಾಗಿ ರಂಗೋಲಿ ಹಾಕುವುದು ಬೇರೆ. ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಇವರು ಒಳಗಿನಿಂದ ಬಂದು, ಅಳುವ ಹೆಂಗಸನ್ನು ಏನು ಮಾಡಬೇಕೆಂದು ತಿಳಿಯದೆ, ಕೈಯಲ್ಲಿದ್ದ ಸ್ಕ್ರೂಡ್ರೈವರನ್ನು ಒಂದು ಸಲ ಆ ಜೇಬಿಗೆ, ಒಂದು ಸಲ ಈ ಜೇಬಿಗೆ ಹಾಕಿ, ಕೊನೆಗೆ ಹೇಳಿದರು: “ನೋಡು ಮಂಗಳಾ, ನೀನು ಯಾವತ್ತು ಕೇಳ್ತೀಯೋ ಅವತ್ತು, ಯಾವ ಕಡೆ ಹೇಳ್ತೀಯೋ ಆ ಕಡೆ, ಈ ಮನೇನ ತಿರುಗಿಸಿ ಕೊಡ್ತೀನಿ. ಒಂದು ಸಲ. ನನ್ನಾಣೆ.” ನಾನು ಕಣ್ಣೊರೆಸಿಕೊಂಡೆ. ಒಂದೇ ಸಲ ಎಂದ ಮೇಲೆ ಕಸದ ಗುಂಡಿಗೆ ಅದನ್ನು ಖರ್ಚು ಮಾಡುವುದು ಬೇಡವೆಂದು ಎತ್ತಿಟ್ಟುಕೊಂಡೆ.

ನಮ್ಮೂರಿನ ಮನೆಗಳು ರಾತ್ರಿ ತಿರುಗುತ್ತವೆ. ಹೆಚ್ಚೇನಿಲ್ಲ, ರೊಟ್ಟಿ ಹೆಂಚಿನ ಮೇಲೆ ತಾನಾಗಿ ಒಂಚೂರು ಜರುಗಿದ ಹಾಗೆ, ದುಂಡನೆಯ ಪಾಯದ ಮೇಲೆ ಮೆಲ್ಲಗೆ ಜರುಗುತ್ತವೆ. ಬೆಳಗಾದರೆ ಬಾಗಿಲು ನಿನ್ನೆಯ ಕಡೆಗಿರುವುದಿಲ್ಲ. ಇದಕ್ಕೆ ಯಾರೂ ತಲೆ ಕೆಡಿಸಿಕೊಂಡಿಲ್ಲ. ಹೆಂಗಸರು ರಂಗೋಲಿಯನ್ನು ಹಲಗೆಯ ಮೇಲೆ ಹಾಕಿ, ಬಾಗಿಲು ಎಲ್ಲಿದೆಯೋ ಅಲ್ಲಿಗೆ ಇಡುತ್ತಾರೆ. ಹಾಲಿನವನು ಬಾಗಿಲು ಹುಡುಕದೆ ಮನೆಗೊಂದು ಸುತ್ತು ಹಾಕಿ ಕೂಗುತ್ತಾನೆ. ಹಿಂದೊಮ್ಮೆ ಹೊರಗಿನಿಂದ ವಾಸ್ತು ಹೇಳುವವರೊಬ್ಬರು ಬಂದಿದ್ದರಂತೆ. ಸೋಮವಾರ ಒಂದು ಮನೆಗೆ ಬಾಗಿಲು ಸರಿಯಿಲ್ಲವೆಂದು ಹೇಳಿ, ಬುಧವಾರ ಅದೇ ಮನೆಗೆ ಇಂಥ ಬಾಗಿಲು ಊರಿಗೇ ಇಲ್ಲವೆಂದು ಹೊಗಳಿ, ಶುಕ್ರವಾರದ ಬಸ್ಸಿಗೆ ಹೊರಟುಹೋದರಂತೆ.

ಮನೆ ತಿರುಗಬೇಕಾದರೆ ಒಂದೇ ನಿಯಮ. ಮನೆಯವರೆಲ್ಲ ಒಳಗಿರಬೇಕು, ಎಲ್ಲರಿಗೂ ಸರಿಯಾಗಿ ನಿದ್ದೆ ಹತ್ತಿರಬೇಕು. ಒಬ್ಬರು ಎಚ್ಚರವಿದ್ದರೂ, ಒಬ್ಬರು ಹೊರಗಿದ್ದರೂ ಮನೆ ಅಲ್ಲಾಡುವುದಿಲ್ಲ, ಕಾಯುತ್ತದೆ. ಹಾಗಾಗಿ ನಮ್ಮೂರಿನಲ್ಲಿ ಯಾರು ನಿದ್ದೆಗೆಟ್ಟಿದ್ದಾರೆಂಬುದು ಗುಟ್ಟಾಗಿ ಉಳಿಯುವುದಿಲ್ಲ. ಬಾಣಂತಿಯ ಮನೆ ತಿಂಗಳುಗಟ್ಟಲೆ ಇದ್ದಲ್ಲೇ ಇರುತ್ತದೆ. ಪರೀಕ್ಷೆಗೆ ಓದುವ ಮಕ್ಕಳಿರುವ ಮನೆ ಓದುತ್ತಾರೆಂದು ಹೇಳಿಕೊಂಡರೂ ಗಿರ್ರನೆ ತಿರುಗಿ ಮಾನ ಕಳೆಯುತ್ತದೆ. ಹೊಸದಾಗಿ ಮದುವೆಯಾದವರ ಬಾಗಿಲು ನಿಂತಲ್ಲೇ ನಿಂತಿದ್ದರೆ ಬಾವಿಕಟ್ಟೆಯಲ್ಲಿ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ.

ನಮ್ಮ ಮನೆ ಊರಿಗೆಲ್ಲ ನಿಧಾನದ ಮನೆ. ಇವರಿಗೆ ದಿಂಬು ಕಂಡರೆ ಸಾಕು. ಮಗಳು ಇಂಚರ ಊಟದ ತಟ್ಟೆಯ ಮುಂದೆಯೇ ತೂಗುತ್ತಾಳೆ. ಉಳಿದವಳು ನಾನು. ಬೆಳಿಗ್ಗೆ ಡಬ್ಬಿ ಕಟ್ಟಿ, ಮಗಳನ್ನು ಶಾಲೆಗೆ ದಬ್ಬಿ, ಹಗಲೆಲ್ಲ ಹಿಟ್ಟಿನ ಗಿರಣಿಯಲ್ಲಿ ಕೆಲಸ ಮುಗಿಸಿ, ಮನೆಗೆ ಬಂದು ಅವರಿವರ ರವಿಕೆ ಹೊಲಿಯುವವಳು ನಿದ್ದೆ ಮಾಡುವುದಾದರೂ ಎಷ್ಟು? ನಾನು ಮಲಗಿದಷ್ಟೇ ಮನೆ ತಿರುಗುತ್ತಿತ್ತು. “ನಿಮ್ಮ ಮನೆ ಸೋಮಾರಿ ಕಣಮ್ಮ” ಎಂದು ಪಕ್ಕದ ಮನೆಯ ಹಂಪಣ್ಣ ಹೇಳಿದಾಗ ನನಗೆ ನಗು ಬರುತ್ತಿತ್ತು. ಊರಿನಲ್ಲಿ ಸೋಮಾರಿಗಳ ಮನೆಯೇ ಎಲ್ಲಕ್ಕಿಂತ ಚುರುಕು.

ಇನ್ನು ಇವರ ವಿಷಯ. ಹೆಸರು ರುದ್ರಮುನಿ, ಕೆಲಸ ಊರಿಗೆ ನೀರು ಬಿಡುವುದು. ಬೆಳಿಗ್ಗೆ ಗೇಟ್‌ವಾಲ್ವ್ ತಿರುಗಿಸುತ್ತಾರೆ, ಸಂಜೆ ಮತ್ತೆ ತಿರುಗಿಸುತ್ತಾರೆ. ನಡುವಿನ ಹೊತ್ತು ಭೂಮಿಯ ಮೇಲಿನ ತೊಂದರೆಗಳನ್ನೆಲ್ಲ ಸರಿಮಾಡುವುದಕ್ಕೆ ಮೀಸಲು. ತಿರುಗುವ ಮನೆಗೆ ನೀರಿನ ಪೈಪು ದಿನಾ ಮುರಿಯುತ್ತದೆಂದು ಸೈಕಲ್ಲಿನ ಹಬ್ಬು ಕಿತ್ತು ಪೈಪಿಗೆ ಕೀಲು ಮಾಡಿದವರು ಇವರೇ. ಅದು ಚೆನ್ನಾಗಿಯೇ ನಡೆಯಿತು, ಇವತ್ತಿಗೂ ಊರೆಲ್ಲ ಅದರಲ್ಲೇ ನೀರು ಕುಡಿಯುತ್ತದೆ. ಆದರೆ ಆ ಸೈಕಲ್ಲು ನನ್ನದು. ಒಂದು ಸಲ ಗೆದ್ದವರನ್ನು ಹಿಡಿಯುವುದು ಕಷ್ಟ. ಬಿಸಿಲು ಎತ್ತ ಹೋದರೆ ಅತ್ತ ಬಟ್ಟೆ ಹೋಗಲಿ ಎಂದು ಹಳೆಯ ಕೊಡೆಯ ಕಡ್ಡಿಗಳಿಂದ ತಿರುಗುವ ಹಗ್ಗ ಮಾಡಿದರು. ಗಾಳಿ ಬಂದ ದಿನ ನನ್ನ ಸೀರೆ ಅದರ ಮೇಲೆ ಕೂತು ಊರು ನೋಡಿತು. ಬಾಗಿಲು ತಟ್ಟಿದ್ದು ಕೇಳಿಸುವುದಿಲ್ಲವೆಂದು ಮನೆಯ ಸುತ್ತ ತಂತಿ ಎಳೆದು ಗಂಟೆ ಕಟ್ಟಿದರು. ಮೇಕೆಗಳಿಗೆ ಬಹಳ ಅನುಕೂಲವಾಯಿತು. ಹಂಪಣ್ಣನ ಜೊತೆ ಚೌಕಾಬಾರ ಆಡುವುದು ಇವರ ಚಟ, ಇಬ್ಬರಿಗೂ ಎದ್ದು ಹೋಗಲು ಮೈಗಳ್ಳತನ. ಅದಕ್ಕೆ ಎರಡು ಕಿಟಕಿಗಳ ನಡುವೆ ರಾಟೆ ಕಟ್ಟಿ, ಮಣೆಯನ್ನೇ ತೊಟ್ಟಿಲಿನಂತೆ ಆಚೆಗೊಮ್ಮೆ ಈಚೆಗೊಮ್ಮೆ ಎಳೆದುಕೊಂಡು ಆಡುತ್ತಿದ್ದರು. ಮನೆಗಳು ತಿರುಗಿ ಕಿಟಕಿಗಳು ದೂರವಾದ ದಿನ ಆಟ ನಿಲ್ಲುತ್ತಿತ್ತು. ಆ ದಿನಗಳಲ್ಲಿ ಇಬ್ಬರೂ ನೆಂಟರನ್ನು ಬೀಳ್ಕೊಟ್ಟವರ ಹಾಗೆ ಮಂಕಾಗಿ ಕೂತಿರುತ್ತಿದ್ದರು. ನಡೆದು ಹೋಗಬಹುದಲ್ಲ ಎಂದರೆ, ಅದು ಆಟವಲ್ಲ ಎಂದರು.

ಜಗಳಕ್ಕೆ ಕಾರಣವಾದದ್ದು ಒಲೆಯ ಹೊಗೆಕೊಳವೆ. ನಮ್ಮಕ್ಕ ದಾಕ್ಷಾಯಣಿಯನ್ನು ಇದೇ ಊರಿಗೆ ನನಗಿಂತ ಮೊದಲೇ ಕೊಟ್ಟಿದ್ದರು. ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ಅಂಗಳ ಅಷ್ಟೆ. ಅಕ್ಕನ ಮಗಳು ಅಂಬಿ ನನ್ನ ಮಗಳು ಹುಟ್ಟುವುದಕ್ಕೂ ಮೊದಲು ನನ್ನ ಸೊಂಟದ ಮೇಲೆ ಬೆಳೆದವಳು, ನನ್ನ ಮೆಷಿನ್ನಿನಲ್ಲೇ ಹೊಲಿಗೆ ಕಲಿತವಳು. ಅವಳನ್ನು ನೋಡಲು ಗಂಡಿನ ಕಡೆಯವರು ಬಂದ ದಿನವೇ ನಾನು ಸಾರಿನ ಪುಡಿಗೆ ಮೆಣಸಿನಕಾಯಿ ಹುರಿಯುತ್ತಿದ್ದೆ. ಬರುವುದು ಸಂಜೆಗೆ ಎಂದಿದ್ದವರು ಮಧ್ಯಾಹ್ನವೇ ಬಂದು ಕೂತಿದ್ದರು. ಗಾಳಿ ಎತ್ತ ಬೀಸುತ್ತದೋ ಅತ್ತ ಹೊಗೆ ತಳ್ಳುವ ಕೊಳವೆಯನ್ನು ಇವರು ಹಿಂದಿನ ದಿನವಷ್ಟೇ ಕೂರಿಸಿದ್ದರು. ಅದು ಹೇಳಿದ ಮಾತು ಚಾಚೂ ತಪ್ಪದೆ ಕೇಳಿತು. ಘಾಟನ್ನೆಲ್ಲ ಒಟ್ಟುಮಾಡಿ ಅಕ್ಕನ ನಡುಮನೆಗೆ ಕೊಂಡೊಯ್ದು ಇಳಿಸಿತು. ಗಂಡಿನ ತಂದೆ ಉಪ್ಪಿಟ್ಟಿನ ತಟ್ಟೆಗೆ ಸೀನಿದರಂತೆ. ಹುಡುಗನಿಗೆ ಕೆಮ್ಮು ಹತ್ತಿ ಹುಡುಗಿಯ ಮುಖ ನೋಡಲಾಗಲಿಲ್ಲವಂತೆ. ಆಮೇಲೆ ಹೇಳಿ ಕಳಿಸುತ್ತೇವೆ ಎಂದು ಹೋದವರು ಏನೂ ಹೇಳಿ ಕಳಿಸಲಿಲ್ಲ.

ಅಕ್ಕ ಅಂಗಳಕ್ಕೆ ಬಂದು ಇದೇನು ಮಾಡಿದೆ ಎಂದು ಕೇಳಿದಾಗ ಅವಳ ಕಣ್ಣು ಕೆಂಪಾಗಿತ್ತು. ಅದು ಘಾಟಿಗೋ ಅಳುವಿಗೋ ನನಗೆ ತಿಳಿಯಲಿಲ್ಲ, ತಿಳಿದಿದ್ದರೆ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ನಗಿಸೋಣವೆಂದು, “ಹೋಗ್ಲಿ ಬಿಡಕ್ಕಾ, ಮೆಣಸಿನಕಾಯಿ ಘಾಟು ತಡೀಲಾರದೋರು ನಮ್ಮಂಬಿ ಬಾಯಿ ತಡೀತಿದ್ರಾ” ಎಂದೆ. ಅಕ್ಕ ನಗಲಿಲ್ಲ. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಆಗ ನಮ್ಮ ಮನೆಯ ಕಡೆಗೇ ಇತ್ತು, ಆದರೆ ನಮ್ಮ ಬಾಗಿಲು ಅದರ ಕಡೆಗಿರಲಿಲ್ಲ.

ಜಗಳದ ವಿಷಯದಲ್ಲಿ ನಮ್ಮೂರಿಗೊಂದು ರೂಢಿ ಇದೆ. ಮಾತು ಬಿಟ್ಟವರು ಒಬ್ಬರ ಮನೆಗೆ ಒಬ್ಬರು ಹೋಗುವ ಹಾಗಿಲ್ಲ, ಕರೆಯುವ ಹಾಗೂ ಇಲ್ಲ. ಆದರೆ ಒಂದು ಬೆಳಿಗ್ಗೆ ಎರಡು ಮನೆಯ ಬಾಗಿಲುಗಳು ಒಂದಕ್ಕೊಂದು ಎದುರಾದವೋ, ಎಂಥ ಜಗಳವಿದ್ದರೂ ಇಬ್ಬರೂ ಹೊಸ್ತಿಲಿಗೆ ಬಂದು ಬಾಯಿಗೆ ಹಾಕಿಕೊಳ್ಳುವಂಥದ್ದು ಏನಾದರೂ ಕೊಟ್ಟು ತೆಗೆದುಕೊಳ್ಳಬೇಕು. ಅಲ್ಲಿಗೆ ಮುಗಿಯಿತು. ಯಾರು ಮೊದಲು ಮಾತಾಡಬೇಕೆಂಬ ಬಿಂಕಕ್ಕೆ ಎಡೆಯೇ ಇಲ್ಲ, ಮನೆಗಳೇ ಮಾತಾಡಿಸುತ್ತವೆ. ಸಾಮಾನ್ಯವಾಗಿ ವಾರ ಹತ್ತು ದಿನದೊಳಗೆ ಯಾವ ಜಗಳವಾದರೂ ಹೀಗೆ ಹರಿದುಹೋಗುತ್ತಿತ್ತು.

ನಮ್ಮದು ಹರಿಯಲಿಲ್ಲ. ಜಗಳವಾದಾಗಿನಿಂದ ನನಗೆ ಮಂಪರು ಹತ್ತುವುದು, ಬಿಡುವುದು, ಇಷ್ಟೇ ಆಗಿತ್ತು. ಮಂಪರಿಗೆಲ್ಲ ಮನೆ ಜಗ್ಗುವುದಿಲ್ಲ. ನಮ್ಮ ಬಾಗಿಲು ಹುಣಸೆಮರದ ಕಡೆ ನಿಂತದ್ದು ನಿಂತೇ ಬಿಟ್ಟಿತು. ಅಕ್ಕನ ಬಾಗಿಲೂ ಹಾಗೆಯೇ. ಭಾವನ ಗೊರಕೆ ಅಂಗಳ ದಾಟಿ ಕೇಳಿಸುತ್ತಿತ್ತು, ಅಂಬಿಯದು ಮೊದಲಿನಿಂದಲೂ ಕಲ್ಲು ನಿದ್ದೆ. ಹಾಗಾದರೆ ಎದ್ದಿರುವವಳು ಯಾರೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿದ್ದಿರಬೇಕು. ದಿನಾ ಬೆಳಿಗ್ಗೆ ನಾನು ನೀರಿಗೆಂದು ಹೋಗಿ ಅವಳ ಬಾಗಿಲು ನೋಡುತ್ತಿದ್ದೆ. ಅದು ನಮ್ಮ ಬಚ್ಚಲಗೋಡೆಯನ್ನು ನೆಟ್ಟಗೆ ನೋಡುತ್ತಾ, ನೀನೂ ಮಲಗಲಿಲ್ಲ ತಾನೆ, ಎನ್ನುವ ಹಾಗೆ ನಿಂತಿರುತ್ತಿತ್ತು.

ಹೀಗಿರುವಾಗ ಅಂಬಿಗೆ ಬೇರೆ ಕಡೆ ಗಂಡು ಗೊತ್ತಾಯಿತು. ಸುದ್ದಿ ನನಗೆ ಬಂದದ್ದು ಹಂಪಣ್ಣನ ಹೆಂಡತಿಯಿಂದ. ಅಂಬಿ ನಲ್ಲಿಯ ಹತ್ತಿರ ಬಂದು, ನನ್ನ ಕಡೆ ತಿರುಗದೆ, ಕೊಡಕ್ಕೆ ಹೇಳುವ ಹಾಗೆ, ಚಿಕ್ಕಮ್ಮ ಅರಿಶಿನ ಹಚ್ಚದೆ ನಾನು ಮಣೆ ಮೇಲೆ ಕೂರಲ್ಲ ಅಂತ ಅಮ್ಮಂಗೆ ಹೇಳಿದ್ದೀನಿ ಎಂದು ಹೋದಳು. ಕೂರದೆ ಇರುವುದು ಸಾಧ್ಯವಿಲ್ಲವೆಂದು ಅವಳಿಗೂ ಗೊತ್ತು, ಕೊಡಕ್ಕೂ ಗೊತ್ತು. ಚಪ್ಪರ ಹಾಕುವುದರೊಳಗೆ ಬಾಗಿಲು ಎದುರಾಗದಿದ್ದರೆ ನನಗೆ ಕರೆಯಿಲ್ಲ. ಅಂಗಳದಾಚೆ ವಾಲಗ ಊದುವಾಗ ನಾನು ಇಲ್ಲಿ ಕೂತು ಯಾರದೋ ರವಿಕೆಗೆ ಕೊಕ್ಕೆ ಹೊಲಿಯುತ್ತಿರಬೇಕು.

ಅವತ್ತು ಇವರು ಹೊರಗೆ ಕೂತು ಯಾವುದೋ ಫ್ಯಾನಿನ ಹೊಟ್ಟೆ ಬಿಚ್ಚುತ್ತಿದ್ದರು. ನಾನು ಹೋಗಿ ಮುಂದೆ ನಿಂತು, ಹೊಸದರಲ್ಲಿ ಕೊಟ್ಟ ಮಾತು ನೆನಪಿದೆಯಾ ಎಂದು ಕೇಳಿದೆ. ಇವರು ತಲೆಯೆತ್ತಲಿಲ್ಲ. ನೆನಪಿದೆ ಎಂದರು. ಹಾಗಾದರೆ ಚಪ್ಪರದ ಹಿಂದಿನ ದಿನಕ್ಕೆ ಈ ಮನೆಯನ್ನು ಅಕ್ಕನ ಬಾಗಿಲಿಗೆ ತಿರುಗಿಸಿ ಕೊಡಿ ಎಂದೆ. ಫ್ಯಾನಿನ ಒಂದು ಬೋಲ್ಟು ಉರುಳಿಹೋಯಿತು. ಹುಡುಕಲೂ ಇಲ್ಲ.

ಮಾರನೆಯ ದಿನ ಲಾರಿಯವರಿಂದ ಜ್ಯಾಕಿ ತಂದು ಪಾಯಕ್ಕೆ ಕೊಟ್ಟರು. ನಮ್ಮೂರಿನ ಮನೆ ನಿದ್ದೆಗೆ ತಿರುಗುತ್ತದೆಯೇ ಹೊರತು ಕೈಗೆ ತಿರುಗಿದ್ದನ್ನು ಯಾರೂ ಕಂಡಿಲ್ಲ. ಜ್ಯಾಕಿಯೇ ಬಾಗಿತು. ಲಾರಿಯವನು ಅದನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕಂಕುಳಲ್ಲಿಟ್ಟುಕೊಂಡು ಹೋದ. ಆಮೇಲೆ ಇವರು ದಾರಿ ಬದಲಿಸಿದರು. ಮನೆಯನ್ನು ತಿರುಗಿಸಲಾಗದಿದ್ದರೆ ನನ್ನನ್ನು ಮಲಗಿಸಬೇಕು. ನಲ್ಲಿಯ ನೀರು ತೊಟ್ಟಿಕ್ಕಿ ಡಬ್ಬಿ ತುಂಬಿ ಮಗುಚಿದಾಗಲೆಲ್ಲ ಮಂಚ ಒಂದು ಸಲ ತೂಗುವ ಹಾಗೆ ಮಾಡಿದರು. ಪೊರಕೆಕಡ್ಡಿಗಳನ್ನು ಹೊಲಿಗೆ ಮೆಷಿನ್ನಿನ ಚಕ್ರಕ್ಕೆ ಕಟ್ಟಿ ಅಂಗಾಲು ತಿಕ್ಕುವ ಯಂತ್ರ ಮಾಡಿದರು. ಹಂಪಣ್ಣ ಬಂದು ಪರೀಕ್ಷೆಗೆಂದು ಆ ಮಂಚದ ಮೇಲೆ ಮಲಗಿ, ಚೌಕಾಬಾರದ ಪಾಳಿ ಬಿಟ್ಟು ಸಂಜೆಯವರೆಗೆ ಎದ್ದೇಳಲಿಲ್ಲ. ಇಂಚರ ಮಲಗಿದಳು. ಇವರು ಮಲಗಿದರು. ನಾನೊಬ್ಬಳು, ಈಗ ಡಬ್ಬಿ ಮಗುಚುತ್ತದೆ, ಈಗ ಮಗುಚುತ್ತದೆ ಎಂದು ಕಾಯುತ್ತಾ ಮೊದಲಿಗಿಂತ ಚುರುಕಾಗಿ ಎದ್ದಿರುತ್ತಿದ್ದೆ. ಬೆಳಗಾದರೆ ಬಾಗಿಲು ಹುಣಸೆಮರದ ಕಡೆ.

ಚಪ್ಪರದ ಹಿಂದಿನ ದಿನವೂ ಹುಣಸೆಮರದ ಕಡೆಯೇ. ನಾನು ಬಾಗಿಲು ತೆರೆದು ಮರ ನೋಡಿದೆ, ಬಾಗಿಲು ಹಾಕಿದೆ, ಡಬ್ಬಿ ಕಟ್ಟಲು ಹೋದೆ. ಇವರನ್ನು ಬೈಯಲೂ ಇಲ್ಲ. ಬೈದಿದ್ದರೆ ವಾಸಿಯಿತ್ತೇನೋ. ಇವರು ವಾಲ್ವ್ ತಿರುಗಿಸಲು ಹೋಗಿ ಬಂದು, ಬಚ್ಚಲಲ್ಲಿ ಹಂಡೆಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಗೋಡೆಯನ್ನೇ ನೋಡತೊಡಗಿದರು. ಸ್ನಾನಕ್ಕೆ ಹೋಗಬೇಕು ಏಳಿ ಎಂದೆ. ಕೇಳಿಸಲಿಲ್ಲ. ಗೋಡೆಗೆ ಕಿವಿಯಿಟ್ಟು ಬೆರಳಿನಿಂದ ಬಡಿದು, ಮೇಲಿಂದ ಕೆಳಗೆ ಗೇಣು ಹಾಕಿದರು. ಆಮೇಲೆ ಎದ್ದು ಹಾರೆ ತಂದರು.

ಸದ್ದು ಕೇಳಿ ನಾನು ಓಡಿ ಬಂದಾಗ ಬಚ್ಚಲಗೋಡೆಯಲ್ಲಿ ತಲೆ ತೂರುವಷ್ಟು ತೂತಾಗಿತ್ತು, ಅದರಾಚೆ ಅಕ್ಕನ ಬಾಗಿಲು ಕಾಣುತ್ತಿತ್ತು. ಏನ್ರೀ ಇದು ಎಂದೆ. ಇವರು ಮಣ್ಣು ಬಳಿದುಕೊಂಡ ಮುಖದಲ್ಲಿ, “ಮನೆ ತಿರುಗದಿದ್ರೆ ಬೇಡ ಬಿಡು, ಅದು ಇದ್ದಲ್ಲೇ ಇರ್ಲಿ. ಬಾಗಿಲಿಗೇನು ನಿದ್ದೆ ಬೇಕಾಗಿಲ್ಲವಲ್ಲ” ಎಂದರು. ಗೋಡೆ ಮುಗಿಸಿ ಮುಂಬಾಗಿಲಿಗೆ ಬಂದರು. ಒಂದು ಮನೆಗೆ ಒಂದೇ ಬಾಗಿಲು, ಅದೂ ರೂಢಿ. ಎರಡಿಟ್ಟುಕೊಂಡರೆ ಎಲ್ಲರಿಗೂ ಎದುರಾಗಿ ಜಗಳಕ್ಕೆ ಬೆಲೆಯೇ ಇರುವುದಿಲ್ಲ. ಹಾಗಾಗಿ ಬಾಗಿಲನ್ನು ಚೌಕಟ್ಟಿನ ಸಮೇತ, ಚೌಕಟ್ಟನ್ನು ಹೊಸ್ತಿಲಿನ ಸಮೇತ ಎಬ್ಬಿಸಿದರು. ಇದ್ದ ಜಾಗಕ್ಕೆ ಆ ತೂಗುಮಂಚವನ್ನು ನಿಲ್ಲಿಸಿ ಹಗ್ಗ ಬಿಗಿದರು. ಅಷ್ಟು ಹೊತ್ತಿಗೆ ಅಂಗಳ ತುಂಬ ಜನ. ಇವರು ಒಂದು ತುದಿ, ಹಂಪಣ್ಣ ಇನ್ನೊಂದು ತುದಿ ಹಿಡಿದು ಅರಿಶಿನ ಕುಂಕುಮವಿದ್ದ ನಮ್ಮ ಹೊಸ್ತಿಲನ್ನು ಮನೆಯ ಸುತ್ತ ಹೊತ್ತುಕೊಂಡು ಹೋಗುವಾಗ ಯಾರೋ ಸುಮ್ಮನೆ ದಾರಿ ಬಿಟ್ಟರು, ಒಬ್ಬಜ್ಜಿ ಅಭ್ಯಾಸಬಲದಿಂದ ಕೈ ಮುಗಿದಳು.

ಚೌಕಟ್ಟು ನಿಂತಿತು, ಒಂಚೂರು ಎಡಕ್ಕೆ ವಾಲಿಕೊಂಡು. ಸುತ್ತ ಸಂದುಗಳಿಗೆ ಇವರು ಹಳೇ ಗೋಣಿ ತುರುಕಿದರು. ಆಮೇಲೆ ಚರ್ಚೆ ಹತ್ತಿತು. ಹೊತ್ತು ತಂದ ಹಂಪಣ್ಣನೇ, ಇದು ಬಾಗಿಲಲ್ಲ, ತೂತಿಗೆ ಹಾಕಿದ ಮುಚ್ಚಳ ಎಂದ. ರಾತ್ರಿ ತಾನಾಗಿ ತಿರುಗಿ ಬಂದರೆ ಮಾತ್ರ ಎದುರಾದ ಲೆಕ್ಕ ಎಂದು ಕೆಲವರು, ಹೊಸ್ತಿಲು ಎಲ್ಲಿದೆಯೋ ಬಾಗಿಲು ಅಲ್ಲೇ ಎಂದು ಕೆಲವರು. ನಾನು ಹಂಡೆಯ ಪಕ್ಕ ನಿಂತಿದ್ದೆ. ನನಗೆ ಅವರ ಮಾತು ಬೇಕಿರಲಿಲ್ಲ. ಎದುರಿನ ಬಾಗಿಲು ಮುಚ್ಚಿಯೇ ಇತ್ತು.

ಕೊನೆಗೆ ಅದು ತೆರೆಯಿತು. ಅಕ್ಕ ಹೊಸ್ತಿಲ ಮೇಲೆ ಬಂದು ನಿಂತು ವಾಲಿದ ಚೌಕಟ್ಟನ್ನು ನೋಡಿದಳು, ಗೋಣಿ ನೋಡಿದಳು, ತಲೆಯಿಂದ ಕಾಲಿನವರೆಗೆ ಕೆಂಪು ಮಣ್ಣಾಗಿದ್ದ ಇವರನ್ನು ನೋಡಿದಳು. ಕಣ್ಣಿನ ಕೆಳಗೆ ನನಗಿದ್ದಷ್ಟೇ ಕಪ್ಪು ಅವಳಿಗೂ ಇತ್ತು.

“ರುದ್ರಮುನಿ,” ಎಂದಳು, “ನೆಂಟರನ್ನ ಬಚ್ಚಲಿಗೆ ಕರೆಯೋದು ಯಾವೂರ ಪದ್ಧತಿ?”

ಇವರು ಬಾಯಿ ತೆರೆದು ಹೊಸ ಪದ್ಧತಿಯ ಅನುಕೂಲಗಳನ್ನು ವಿವರಿಸಲು ಹೊರಟರು. ಕಾಲು ತೊಳೆದುಕೊಂಡೇ ಒಳಗೆ ಬರಬಹುದು ಎನ್ನುವವರೆಗೆ ಹೇಳಿದ್ದರು. ನಾನು ಅಷ್ಟರಲ್ಲಿ ಅಡುಗೆಮನೆಗೆ ಓಡಿದ್ದೆ. ಬಾಯಿಗೆ ಹಾಕಿಕೊಳ್ಳುವಂಥದ್ದು ಏನಾದರೂ ಕೊಡಬೇಕಲ್ಲ. ಸಕ್ಕರೆ ಡಬ್ಬಿ ತಳ ಕಂಡಿತ್ತು, ಬೆಲ್ಲ ಎಲ್ಲಿಟ್ಟಿದ್ದೆನೋ ಕೈಗೆ ಸಿಗಲಿಲ್ಲ, ಕೈಗೆ ಸಿಕ್ಕ ಡಬ್ಬಿ ಹಿಡಿದು ಬಂದೆ. ನಾನು ನನ್ನ ಹೊಸ್ತಿಲಿನಲ್ಲಿ, ಅವಳು ಅವಳ ಹೊಸ್ತಿಲಿನಲ್ಲಿ. ಅಕ್ಕ ಇಳಿದು ಅಂಗಳದ ನಡುವಿಗೆ ಬಂದಳು, ನಾನೂ ಹೋದೆ. ಅವಳ ತಟ್ಟೆಯಲ್ಲಿ ಸಕ್ಕರೆ, ಎಲೆ ಅಡಿಕೆ, ಕುಂಕುಮ, ಅದರಡಿಯಲ್ಲಿ ಅಂಬಿಯ ರವಿಕೆಯ ಬಟ್ಟೆ. ಯಾವತ್ತಿನಿಂದ ಜೋಡಿಸಿಟ್ಟಿದ್ದಳೋ, ಎಲೆಗಳು ಬಾಡಿ ಅಂಚು ಸುರುಟಿದ್ದವು. ನನ್ನ ಕೈಯ ಡಬ್ಬಿಯ ಮುಚ್ಚಳ ತೆರೆದವಳು ನಿಂತಲ್ಲೇ ಸೀನಿದಳು. ಅದು ಆವತ್ತಿನ ಸಾರಿನ ಪುಡಿ.

ಮತ್ತೆ ಸೀನಿದಳು. ನನಗೂ ಬಂತು. ಅಂಗಳದ ನಡುವೆ ಇಬ್ಬರೂ ಕಣ್ಣು ಮೂಗು ಒರೆಸಿಕೊಳ್ಳುತ್ತಾ ನಿಂತಿದ್ದೆವು. ಅದು ಘಾಟಿಗೋ ಯಾತಕ್ಕೋ ಈ ಸಲವೂ ನನಗೆ ತಿಳಿಯಲಿಲ್ಲ, ಆದರೆ ಈ ಸಲ ಬಾಯಿ ಮುಚ್ಚಿಕೊಂಡಿದ್ದೆ. ಅಕ್ಕನೇ ಹೇಳಿದಳು: “ಖಾರ ಸ್ವಲ್ಪ ಮುಂದಾಗಿರತ್ತೆ, ನಂಗೊತ್ತು ನಿನ್ನ ಕೈ. ನಾಳೆ ಚಪ್ಪರ. ಬೇಗ ಬಾ, ಅರಿಶಿನ ಕಲಸೋರಿಲ್ಲ.”

ಸಂಜೆಯವರೆಗೆ ಕೂತು ಅಂಬಿಯ ರವಿಕೆ ಮುಗಿಸಿದೆ. ಮುಗಿಸಿ ದಿಂಬಿಗೆ ತಲೆಯಿಟ್ಟದ್ದಷ್ಟೇ ಗೊತ್ತು. ಬೆಳಿಗ್ಗೆ ಇಂಚರ ಅಲುಗಾಡಿಸಿ ಎಬ್ಬಿಸಬೇಕಾಯಿತು. ಎದ್ದು ಹೊರಗೆ ಹೋಗಿ ನೋಡಿದರೆ, ಬಾಕಿಯನ್ನೆಲ್ಲ ಒಟ್ಟಿಗೆ ತೀರಿಸಿಕೊಳ್ಳುವ ಹಾಗೆ ಎರಡೂ ಮನೆಗಳು ಸುತ್ತಿಬಿಟ್ಟಿದ್ದವು. ಅಕ್ಕನ ಬಾಗಿಲು ಶಾಲೆಯ ಕಡೆಗಿತ್ತು, ಚಪ್ಪರದ ಕಂಬ ನೆಡಲು ಬಂದವರು ಮುಂಭಾಗ ಯಾವುದೆಂದು ಭಾವನನ್ನು ಕೇಳುತ್ತಿದ್ದರು. ನಮ್ಮ ಬಚ್ಚಲಬಾಗಿಲು ಹಂಪಣ್ಣನ ಕಿಟಕಿಗೆ ಎದುರಾಗಿತ್ತು, ಇವರಿಬ್ಬರೂ ಆಗಲೇ ರಾಟೆಗೆ ಎಣ್ಣೆ ಬಿಡುತ್ತಿದ್ದರು. ಇನ್ನು ಸ್ನಾನ ಮಾಡುವುದೆಲ್ಲಿ ಎಂದು ಕೇಳಿದ್ದಕ್ಕೆ ಒಂದು ಉಪಾಯವಿದೆ ಎಂದರು. ನಾನು ಕೇಳಲು ನಿಲ್ಲದೆ ಅರಿಶಿನ ಕಲಸಲು ಹೋದೆ.

ಇವರು ಮಾತು ಕೊಟ್ಟಿದ್ದು, ನಾನು ಕೇಳಿದ ದಿನಕ್ಕೆ, ಹೇಳಿದ ಕಡೆಗೆ, ಮನೆ ತಿರುಗಿಸುವುದಾಗಿ. ಮನೆ ತಿರುಗಿದ್ದು ಅದರ ಮಾರನೆಯ ದಿನ, ನಾನು ಹೇಳದ ಕಡೆಗೆ, ತಾನಾಗಿ. ಕೊಟ್ಟ ಮಾತು ನಡೆಯಲಿಲ್ಲ.